ಯಾದಿಯಲ್ಲಿ ಬರೆಯದ ಸಾಲು

ಸುಗ್ಗಿಯ ದಿನಗಳಲ್ಲಿ ಹಾವೇರಿ ಜಿಲ್ಲೆಯ ಕಾಗಿನೆಲೆ ಕಡೆಯಿಂದ ಬ್ಯಾಡಗಿಗೆ ಹೊರಡುವ ಬೆಳಗಿನ ಬಸ್ಸಿನಲ್ಲಿ ತಾಯಂದಿರೂ ಹೆಣ್ಣುಮಕ್ಕಳೂ ಒಟ್ಟಿಗೇ ನಿಂತಿರುತ್ತಾರೆ. ತಾಯಂದಿರ ಕೈಯಲ್ಲಿ ರೊಟ್ಟಿಯ ಗಂಟು, ಹೆಗಲ ಮೇಲೆ ಮೂಗಿಗೆ ಕಟ್ಟಿಕೊಳ್ಳಲು ಒಂದು ಹಳೆಯ ಟವೆಲ್ಲು. ಅವರು ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸಲು ಹೋಗುವವರು. ಹೆಣ್ಣುಮಕ್ಕಳ ಬೆನ್ನ ಮೇಲೆ ಕಾಲೇಜಿನ ಬ್ಯಾಗು. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಇಬ್ಬರದೂ ಶೂನ್ಯ ಟಿಕೆಟ್ಟೇ. ಸಂಜೆ ಕೈಗೆ ಏನು ಬರುತ್ತದೆಂದು ತಾಯಿಗೆ ಗೊತ್ತು: ಎಷ್ಟು ಕಿಲೋ ಬಿಡಿಸಿದಳೋ ಅಷ್ಟಕ್ಕೆ ಕೂಲಿ. ಡಿಗ್ರಿ ಮುಗಿದ ಮೇಲೆ ಮಗಳ ಕೈಗೆ ಏನು ಬರುತ್ತದೆ ಎಂದು ಕೇಳಿದರೆ ತಾಯಿ, ಮಗಳು ಇಬ್ಬರೂ ಕೊಡುವ ಉತ್ತರ ಒಂದೇ: "ಮುಂದ ನೋಡೋಣ್ರಿ."

ಹೊರಗಿನವರಿಗೆ ಇದು ಉದಾಸೀನದ ಮಾತಾಗಿ ಕೇಳಿಸುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹೆಣ್ಣುಮಗಳ ಊರು, ಮನೆ, ರೇಷನ್ ಕಾರ್ಡು, ದುಡ್ಡಿನ ಯಜಮಾನಿಕೆ ಎಲ್ಲವೂ ಒಂದೇ ದಿನ ಬದಲಾಗುವ ಸಮಾಜದಲ್ಲಿ, ಆ ದಿನ ಯಾವಾಗ ಬರುತ್ತದೆ, ಯಾವ ಊರಿಗೆ ಒಯ್ಯುತ್ತದೆ ಎಂದು ಗೊತ್ತಿಲ್ಲದವಳು "ಮುಂದ ನೋಡೋಣ" ಎನ್ನದೆ ಮತ್ತೇನು ಹೇಳಬೇಕು? ಅವಳಿಗೆ ಯೋಜನೆ ಹಾಕಲು ಬರುವುದಿಲ್ಲ ಎಂದೇನೂ ಅಲ್ಲ. ಯೋಜನೆಯ ಅರ್ಧ ಭಾಗ ಅವಳ ಕೈಯಲ್ಲೇ ಇಲ್ಲ. ಅವಳಿಗೆ ನೆರವಾಗಲು ಹೊರಟ ನಾವು ಆ ಅರ್ಧದ ಬಗ್ಗೆ ಬಾಯಿಯನ್ನೇ ತೆರೆಯುವುದಿಲ್ಲ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಯಾವುದೇ ಪದವಿ ಕಾಲೇಜಿನಲ್ಲಿ ನಡೆಯುವ 'ಉದ್ಯೋಗ ಮಾರ್ಗದರ್ಶನ ಶಿಬಿರ'ದ ಆಹ್ವಾನ ಪತ್ರಿಕೆ ನೋಡಿ. ಸ್ಪರ್ಧಾತ್ಮಕ ಪರೀಕ್ಷೆ, ಬ್ಯಾಂಕಿಂಗ್, ಪೊಲೀಸ್ ನೇಮಕಾತಿ, ಸ್ವಯಂ ಉದ್ಯೋಗ. ಸಂಪನ್ಮೂಲ ವ್ಯಕ್ತಿ ಧಾರವಾಡದ ಸಪ್ತಾಪುರದ ಯಾವುದೋ ಕೋಚಿಂಗ್ ಸೆಂಟರಿನವರು. ಎರಡು ಗಂಟೆಯ ಆ ಭಾಷಣದಲ್ಲಿ ಮದುವೆ ಎಂಬ ಶಬ್ದ ಬರುವುದಿಲ್ಲ. ಬಂದರೆ ನಗೆಚಾಟಿಕೆಯಾಗಿ ಬರುತ್ತದೆ. ಆರೋಗ್ಯ ಇಲಾಖೆಯವರದು ಬೇರೆಯೇ ದಿನ: ಸ್ನೇಹಾ ಕ್ಲಿನಿಕ್, ರಕ್ತಹೀನತೆ, ಕಬ್ಬಿಣಾಂಶದ ಮಾತ್ರೆ. ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವರು ಇನ್ನೊಂದು ದಿನ ಬಂದು ಬಾಲ್ಯವಿವಾಹದ ಶಿಕ್ಷೆ ಏನು, 1098ಕ್ಕೆ ಕರೆ ಮಾಡುವುದು ಹೇಗೆ ಎಂದು ಹೇಳಿ ಹೋಗುತ್ತಾರೆ. ಒಬ್ಬಳೇ ಹುಡುಗಿಯನ್ನು ಮೂರು ಇಲಾಖೆಗಳು ಮೂರು ಪಾಲು ಮಾಡಿಕೊಂಡು ಬುದ್ಧಿ ಹೇಳುತ್ತವೆ. ಅವಳ ಇಡೀ ಬದುಕಿನ ಬಗ್ಗೆ ಮಾತಾಡುವವರು ಮನೆಯ ಪಡಸಾಲೆಯಲ್ಲಿ ಕೂತ ಹಿರಿಯರು ಮಾತ್ರ. ಅಲ್ಲಿ ಆ ಹೊತ್ತಿಗೆ ಅವಳು ಇರುವುದಿಲ್ಲ. ಒಳಗೆ ಅವಲಕ್ಕಿ ಹಚ್ಚುತ್ತಿರುತ್ತಾಳೆ.

ನೌಕರಿಯ ಮಾತು ಕಾಲೇಜಿನಲ್ಲಿ, ಮದುವೆಯ ಮಾತು ಪಡಸಾಲೆಯಲ್ಲಿ ಎಂಬ ಈ ವಿಂಗಡಣೆ ಹೋಗದ ಹೊರತು ಗ್ರಾಮೀಣ ಹೆಣ್ಣುಮಕ್ಕಳಿಗೆ ಕೊಡುವ ಯಾವ ಮಾರ್ಗದರ್ಶನವೂ ನಿಲ್ಲುವುದಿಲ್ಲ. ಅವಳ ಕೆಲಸದ ಯೋಜನೆಯೊಳಗೆ ಮದುವೆ, ಹೆರಿಗೆ, ಮಕ್ಕಳ ನಡುವಿನ ಅಂತರ ಎಲ್ಲವೂ ಮುಚ್ಚುಮರೆಯಿಲ್ಲದೆ ಬರಬೇಕು. ಅವಳ ಮದುವೆಯ ಮಾತುಕತೆಯೊಳಗೆ ಕೆಲಸ ಬರಬೇಕು. ಹೇಳಿದರೆ ಇಷ್ಟೇ ಎನಿಸುತ್ತದೆ, ಆದರೆ ನಮ್ಮ ಸರ್ಕಾರದ ಯೋಜನೆಗಳೇ ಇದಕ್ಕೆ ಎದುರು ದಿಕ್ಕಿನಲ್ಲಿ ಕಟ್ಟಲ್ಪಟ್ಟಿವೆ.

ಆಶಾ ಕಾರ್ಯಕರ್ತೆಯ ಹುದ್ದೆಯನ್ನೇ ತೆಗೆದುಕೊಳ್ಳಿ. ಹಳ್ಳಿಯಲ್ಲೇ ಇದ್ದು ಹೆಣ್ಣುಮಗಳು ಮಾಡಬಹುದಾದ ಕೆಲವೇ ಕೆಲಸಗಳಲ್ಲಿ ಅದೂ ಒಂದು. ರಾಷ್ಟ್ರೀಯ ಆರೋಗ್ಯ ಅಭಿಯಾನದ ಮಾರ್ಗಸೂಚಿಯ ಪ್ರಕಾರ ಆಕೆ ಅದೇ ಊರಿನವಳಾಗಿರಬೇಕು. ವಿವಾಹಿತೆ, ವಿಧವೆ ಅಥವಾ ವಿಚ್ಛೇದಿತೆಯಾಗಿದ್ದರೆ, ವಯಸ್ಸು 25ರಿಂದ 45 ಆಗಿದ್ದರೆ ಆದ್ಯತೆ. ಕಾರಣ ಸರಳ: ಮದುವೆಯಾಗದ ಹುಡುಗಿಗೆ ತರಬೇತಿ ಕೊಟ್ಟರೆ ನಾಳೆ ಅವಳು ಗಂಡನ ಊರಿಗೆ ಹೋಗುತ್ತಾಳೆ, ತರಬೇತಿ ವ್ಯರ್ಥ. ಆಡಳಿತದ ದೃಷ್ಟಿಯಿಂದ ಇದು ಸರಿಯಾದ ಲೆಕ್ಕವೇ. ಗ್ರಾಮೀಣ ಜೀವನೋಪಾಯ ಯೋಜನೆಯಾದ ಸಂಜೀವಿನಿಯ ಸ್ವಸಹಾಯ ಸಂಘಗಳಿಗೂ ಸಾಮಾನ್ಯವಾಗಿ ಮನೆಗೊಬ್ಬಳೇ ಸದಸ್ಯೆ, ಅಂದರೆ ತಾಯಿ ಅಥವಾ ಅತ್ತೆ. ಕೃಷಿ ಸಖಿ, ಪಶು ಸಖಿ, ಬ್ಯಾಂಕ್ ಸಖಿಯರು ಆ ಸಂಘಗಳಿಂದಲೇ ಬರುತ್ತಾರೆ. ಗೃಹಲಕ್ಷ್ಮಿಯ 2,000 ರೂಪಾಯಿ ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ನಮೂದಾದವಳ ಖಾತೆಗೆ. ಮದುವೆಯಾದ ಹುಡುಗಿಯ ಹೆಸರನ್ನು ಅಪ್ಪನ ಕಾರ್ಡಿನಿಂದ ತೆಗೆಸಿ ಗಂಡನ ಮನೆಯ ಕಾರ್ಡಿಗೆ ಸೇರಿಸುವ ಹೊತ್ತಿಗೆ ಎಷ್ಟೋ ತಿಂಗಳು ಕಳೆದಿರುತ್ತವೆ. ಅಲ್ಲಿಯವರೆಗೆ ಅವಳು ಯಾವ ಮನೆಯವಳೂ ಅಲ್ಲ. ಮಗಳು ಹೋಗುವವಳು, ಸೊಸೆ ಬಂದವಳು, ಅತ್ತೆ ಇರುವವಳು. ಹದಿನೆಂಟರಿಂದ ಇಪ್ಪತ್ತೈದರ ನಡುವಿನ ಹೆಣ್ಣಿಗೆ ಹಳ್ಳಿಯ ಯಾವ ವಹಿಯಲ್ಲೂ ಸ್ವಂತದ ಜಾಗವಿಲ್ಲ. ಯುವನಿಧಿ ಒಂದು ಅಪವಾದ: ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಅದೂ ಹೆಚ್ಚೆಂದರೆ ಎರಡು ವರ್ಷ. ಆ ಎರಡು ವರ್ಷದಲ್ಲಿ ಏನು ಮಾಡಬೇಕು ಎಂದು ಹೇಳುವವರು ಮಾತ್ರ ಪಕ್ಕದಲ್ಲಿಲ್ಲ.

ಇನ್ನು ಭಾಗ್ಯಲಕ್ಷ್ಮಿ. 2006ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಬಡ ಕುಟುಂಬದ ಹೆಣ್ಣುಮಗುವಿನ ಹೆಸರಿನಲ್ಲಿ ಸರ್ಕಾರ ಠೇವಣಿ ಇಟ್ಟಿತು. ಮಗು ಶಾಲೆಗೆ ಹೋಗಬೇಕು, ದುಡಿಮೆಗೆ ಹೋಗಬಾರದು, 18 ತುಂಬುವವರೆಗೆ ಮದುವೆಯಾಗಬಾರದು ಎಂಬುದು ಷರತ್ತು. ಆ ವರ್ಷ ಹುಟ್ಟಿದವರಿಗೆ 2024ರಲ್ಲಿ ಹದಿನೆಂಟು ತುಂಬಿತು. ಆಮೇಲಿನ ತಂಡಗಳವರಿಗೆ ಬಾಂಡಿನ ಮೊತ್ತ ಸುಮಾರು 1 ಲಕ್ಷ ರೂಪಾಯಿ. ಮೊದಲ ತಂಡದವರಿಗೆ ಅದಕ್ಕಿಂತ ಕಡಿಮೆ. ಯೋಜನೆಯ ಉದ್ದೇಶ ಒಳ್ಳೆಯದು, ಅದರ ಫಲವನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಹದಿನೆಂಟು ತುಂಬಿದ ಹೊತ್ತಿಗೆ ಸರಿಯಾಗಿ ಒಂದು ದೊಡ್ಡ ಮೊತ್ತ ಮನೆಗೆ ಬಂದರೆ, ಹಾವೇರಿ ಜಿಲ್ಲೆಯ ಒಬ್ಬ ಒಣಬೇಸಾಯದ ರೈತ ಅದನ್ನು ಯಾವುದಕ್ಕೆಂದು ಓದಿಕೊಳ್ಳುತ್ತಾನೆ? 'ಬಾಂಡ್ ದುಡ್ಡು ಬರ್ತೈತಿ, ಅದರಾಗ ಬಂಗಾರ ಮಾಡಸೋಣ' ಎಂಬ ಮಾತು ಊರೂರಲ್ಲಿ ಕೇಳುತ್ತದೆ. ಮದುವೆ ಮುಂದಕ್ಕೆ ಹಾಕಲೆಂದು ಕೊಟ್ಟ ಹಣ ಮದುವೆಯ ಹಣವಾಯಿತು. ಅದೇ ಮೊತ್ತದ ಒಂದು ಪಾಲು ದ್ವಿತೀಯ ಪಿಯುಸಿ ಮುಗಿಸಿದಾಗ ಕಾಲೇಜು ಶುಲ್ಕವಾಗಿ, ಇನ್ನೊಂದು ಪಾಲು ಪದವಿ ಅಥವಾ ನರ್ಸಿಂಗ್ ಮುಗಿಸಿದಾಗ ಅವಳದೇ ಖಾತೆಗೆ ಬರುವಂತಿದ್ದರೆ ಅಪ್ಪನ ಲೆಕ್ಕವೂ ಬೇರೆಯಾಗುತ್ತಿತ್ತು.

ಕಾನೂನಿನ ಕಥೆಯೂ ಇದೇ. ಬಾಲ್ಯವಿವಾಹವನ್ನು ಆರಂಭದಿಂದಲೇ ಅಸಿಂಧು ಎಂದು ಘೋಷಿಸಿದ ತಿದ್ದುಪಡಿ ಕರ್ನಾಟಕದಲ್ಲಿ 2017ರಲ್ಲಿ ಬಂತು. ದೇಶದ ಉಳಿದೆಡೆಗೆ ಹೋಲಿಸಿದರೆ ಅದು ದಿಟ್ಟ ಹೆಜ್ಜೆ. ಹಾಗಿದ್ದೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ 20ರಿಂದ 24ರ ವಯಸ್ಸಿನ ಮಹಿಳೆಯರಲ್ಲಿ ಶೇ 21ರಷ್ಟು ಮಂದಿಗೆ ಹದಿನೆಂಟಕ್ಕೆ ಮೊದಲೇ ಮದುವೆಯಾಗಿತ್ತು. ಹಿಂದಿನ ಸಮೀಕ್ಷೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಹೆಣ್ಣಿನ ಮದುವೆಯ ವಯಸ್ಸನ್ನು 21ಕ್ಕೆ ಏರಿಸುವ ಮಸೂದೆ 2021ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದು, ಸ್ಥಾಯಿ ಸಮಿತಿಗೆ ಹೋಗಿ, ಆ ಲೋಕಸಭೆಯ ಅವಧಿಯ ಜೊತೆಗೇ ಮುಗಿದುಹೋಯಿತು. ಅದು ಪಾಸಾಗಿದ್ದರೆ ಎಲ್ಲ ಸರಿಹೋಗುತ್ತಿತ್ತು ಎನ್ನುವವರ ಜೊತೆ ನಾನಿಲ್ಲ. ಹದಿನೆಂಟನ್ನು ಕನಿಷ್ಠ ಎಂದರೆ ನಮ್ಮಲ್ಲಿ ಅದನ್ನು ಗಡುವು ಎಂದು ಕೇಳಿಸಿಕೊಳ್ಳುತ್ತಾರೆ. ಇಪ್ಪತ್ತೊಂದನ್ನು ಇಟ್ಟರೆ ಇಪ್ಪತ್ತೊಂದೂ ಗಡುವಾಗುತ್ತದೆ. ನಡುವಿನ ಮೂರು ವರ್ಷದಲ್ಲಿ ಹುಡುಗಿ ಏನು ಕಲಿತಳು, ಏನು ದುಡಿದಳು, ಯಾವ ಕಾಗದ ಅವಳ ಹೆಸರಿಗೆ ಬಂತು ಎಂಬ ಪ್ರಶ್ನೆಗೆ ವಯಸ್ಸಿನ ಅಂಕಿ ಉತ್ತರ ಕೊಡುವುದಿಲ್ಲ.

ಬ್ಯಾಡಗಿಯ ಒಂದು ತುಂಬು ಬಿಡಿಸುವ ಶೆಡ್ಡಿನಲ್ಲಿ ಕೇಳಿದ ಮಾತು ಇಲ್ಲಿ ಹೇಳಬೇಕು. ಸಾಲಾಗಿ ಕೂತ ಹೆಂಗಸರ ಮುಂದೆ ಸುಕ್ಕುಗಟ್ಟಿದ ಕಡ್ಡಿ ಕಾಯಿಯ ಕೆಂಪು ರಾಶಿ, ಗಾಳಿಯಲ್ಲಿ ಘಾಟು, ಎರಡು ಮಾತಿಗೊಮ್ಮೆ ಯಾರಾದರೂ ಕೆಮ್ಮುತ್ತಾರೆ. ಬೆರಳ ತುದಿ ಉರಿಯುತ್ತದೆಂದು ಎಣ್ಣೆ ಹಚ್ಚಿಕೊಂಡಿರುತ್ತಾರೆ, ಆದರೂ ಮನೆಗೆ ಹೋದ ಮೇಲೆ ಎಳೆಗೂಸನ್ನು ಮುಟ್ಟಲು ಹೆದರಿಕೆ. ರಜೆಯಾದ್ದರಿಂದ ಅಂತಿಮ ಬಿ.ಎ. ಓದುತ್ತಿದ್ದ ಮಗಳೂ ಅವ್ವನ ಪಕ್ಕ ಕೂತು ಕಾಯಿ ಬಿಡಿಸುತ್ತಿದ್ದಳು. ವರ ನೋಡಿ ಹೋಗಿದ್ದಾರೆ, ಒಪ್ಪಿದ್ದಾರೆ ಎಂದು ತಾಯಿ ಹೇಳಿದಳು.

"ಓದಬ್ಯಾಡ ಅಂದಿಲ್ರಿ ಅಕ್ಕಾರ ನಾವು. ಚೊಲೋ ಮನಿ ತಾನಾಗೇ ಬಂದೈತಿ, ಬಿಡಾಕ ಆಕ್ಕೈತೇನ್ರಿ? ನಾಳೆ ನಮ್ಮ ಕೈಲೆ ಅಂಥಾ ಮನಿ ಹುಡುಕಾಕ ಆಗಬೇಕಲ್ಲ."

ಮಗಳು ತಲೆ ಎತ್ತದೆ ಹೇಳಿದಳು: "ಬಿ.ಎಡ್. ಮಾಡಸ್ತೀವಿ ಅಂದಾರಲ್ಲಬೇ ಅವರು?"

"ಅಂದಾರ," ಎಂದಳು ತಾಯಿ. "ಬಾಯಿಲೆ ಅಂದಾರ."

ಆ 'ಬಾಯಿಲೆ' ಎಂಬುದರಲ್ಲಿ ತಾಯಿಯ ಇಡೀ ಅನುಭವವಿತ್ತು. ನಮ್ಮ ಕಡೆ ಮದುವೆ ಗೊತ್ತಾದಾಗ ಯಾದಿ ಬರೆಯುತ್ತಾರೆ. ಎಷ್ಟು ತೊಲ ಬಂಗಾರ, ಯಾರಿಗೆ ಎಷ್ಟು ಬಟ್ಟೆ, ಊಟದ ಖರ್ಚು ಯಾರದು, ಬಾಂಡೆ ಸಾಮಾನು ಏನೇನು ಎಂದು ಹಿರಿಯರ ಮುಂದೆ ಕಾಗದದ ಮೇಲೆ ಬರೆದು ಎರಡೂ ಕಡೆಯವರು ಇಟ್ಟುಕೊಳ್ಳುತ್ತಾರೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಕಣ್ಣಿನಲ್ಲಿ ಆ ಕಾಗದದ ಅನೇಕ ಸಾಲುಗಳು ಅಪರಾಧವೇ. ಆದರೂ ಬರೆಯುತ್ತಾರೆ, ಬರೆದಂತೆ ನಡೆಸಿಕೊಳ್ಳುತ್ತಾರೆ, ಒಂದು ಹಂಡೆ ಕಡಿಮೆಯಾದರೆ ಜಗಳ ಮಾಡುತ್ತಾರೆ. ಹಂಡೆಗೆ ಬರವಣಿಗೆ ಇದೆ, ಹುಡುಗಿಯ ಬಿ.ಎಡ್.ಗೆ ಬಾಯಿಮಾತು. ಮದುವೆಯಾದ ಮೇಲೆ 'ಈ ವರ್ಷ ಬ್ಯಾಡ, ಮುಂದಿನ ವರ್ಷ ನೋಡೋಣ' ಎಂದರೆ ಕೇಳುವವರಿಲ್ಲ. ಮುಂದಿನ ವರ್ಷ ಅವಳು ಬಸುರಿಯಾಗಿ ಕುಬಸಕ್ಕೆ ತವರಿಗೆ ಬಂದಿರುತ್ತಾಳೆ.

ಹೆರಿಗೆಯ ಲೆಕ್ಕವನ್ನಂತೂ ನಮ್ಮ ಮಾರ್ಗದರ್ಶಕರು ಯಾರೂ ಹಾಕಿ ತೋರಿಸುವುದಿಲ್ಲ. ಮೊದಲ ಬಾಣಂತನ ತವರಿನಲ್ಲಿ ಎಂಬುದು ರೂಢಿ. ಏಳನೇ ತಿಂಗಳಿಗೆ ಬಂದವಳು ಕೂಸಿಗೆ ಐದು ತಿಂಗಳಾದ ಮೇಲೆ ಹಿಂದಿರುಗಿದರೆ ಹತ್ತಿರ ಹತ್ತಿರ ಎಂಟು ತಿಂಗಳು. ರಾಣೆಬೆನ್ನೂರಿನ ಯಾವುದೋ ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗಿಗೆ, ಖಾಸಗಿ ಶಾಲೆಯಲ್ಲಿ ಪಾಠ ಮಾಡುವವಳಿಗೆ ಅಷ್ಟು ದಿನ ಜಾಗ ಕಾಯ್ದಿರಿಸುವವರು ಯಾರು? 2017ರ ತಿದ್ದುಪಡಿಯಿಂದೀಚೆಗೆ ಹೆರಿಗೆ ಸೌಲಭ್ಯದ ಕಾನೂನು 26 ವಾರಗಳ ಸಂಬಳಸಹಿತ ರಜೆ ಕೊಡುತ್ತದೆ, ಆದರೆ ಅದು ಹತ್ತು ಜನರಿಗಿಂತ ಕಡಿಮೆ ಇರುವ ಅಂಗಡಿಯವರೆಗೆ ಬರುವುದಿಲ್ಲ. ಕಿಲೋ ಲೆಕ್ಕದ ಕೂಲಿಯವಳ ಹತ್ತಿರಕ್ಕಂತೂ ಸುಳಿಯುವುದಿಲ್ಲ. ಅವಳ ಹೆರಿಗೆ ರಜೆಯ ವೆಚ್ಚ ಕೊಡುವವಳು ಅವಳ ತಾಯಿ, ತನ್ನ ಕೂಲಿ ಬಿಟ್ಟು. ಹಳ್ಳಿಯ ಹುಡುಗಿಯರಿಗೆ ಸರ್ಕಾರಿ ನೌಕರಿಯ ಹುಚ್ಚು ಎಂದು ಪೇಟೆಯ ಮಂದಿ ನಗುತ್ತಾರೆ. ಅದು ಹುಚ್ಚಲ್ಲ. ತಾಯಿಯಾದರೂ ಕೈಬಿಟ್ಟು ಹೋಗದ ಕೆಲಸ ಅವರ ಕಣ್ಣಳತೆಯಲ್ಲಿ ಅದೊಂದೇ ಇದೆ: 180 ದಿನದ ಹೆರಿಗೆ ರಜೆ, 2021ರಿಂದ ಶಿಶುಪಾಲನಾ ರಜೆ, ಗಂಡನ ಊರಿಗೆ ಹತ್ತಿರ ವರ್ಗಾವಣೆ ಕೇಳಲು ಪತಿ-ಪತ್ನಿ ಪ್ರಕರಣದ ಅವಕಾಶ. ಹುಡುಗಿಯರು ಸರಿಯಾಗಿಯೇ ಲೆಕ್ಕ ಹಾಕಿದ್ದಾರೆ. ಆ ನೌಕರಿಗಳ ಸಂಖ್ಯೆ ಸಾಲುವುದಿಲ್ಲ ಎಂಬುದು ಬೇರೆ ಮಾತು.

ಮಕ್ಕಳ ನಡುವಿನ ಅಂತರದ ಬಗ್ಗೆ ಹದಿನೆಂಟು ದಾಟಿದ ವಿದ್ಯಾರ್ಥಿನಿಯರ ಜೊತೆಗೂ ಮಾತಾಡಲು ನಮಗೆ ನಾಚಿಕೆ. 2019-21ರ ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಂತೆ ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಶೇ 57ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು; ಗಂಡಸರ ಆಪರೇಷನ್ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ವಂಕಿ, ಮಾತ್ರೆ, ಮೂರು ತಿಂಗಳಿಗೊಮ್ಮೆ ಹಾಕಿಸುವ 'ಅಂತರಾ' ಚುಚ್ಚುಮದ್ದು, ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು ನುಂಗುವ 'ಛಾಯಾ' ಎಲ್ಲವೂ ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ ಉಚಿತ. ಆದರೂ ಹಳ್ಳಿಯಲ್ಲಿ ಕುಟುಂಬ ಯೋಜನೆ ಎಂದರೆ ಆಪರೇಷನ್, ಅದೂ ಹೆಂಡತಿಯದು. ಬೇಗ ಎರಡು ಹೆತ್ತು, ಬೇಗ ಆಪರೇಷನ್ ಮಾಡಿಸಿಕೊಂಡು ಮುಗಿಸಿಬಿಡುವುದು. ಮೊದಲ ಮಗುವನ್ನು ಎರಡು ವರ್ಷ ಮುಂದೂಡಿದ್ದರೆ ಬಿ.ಎಡ್. ಮುಗಿಯುತ್ತಿತ್ತು ಎಂಬ ಲೆಕ್ಕ ಆ ಮನೆಯಲ್ಲಿ ಯಾರ ತಲೆಗೂ ಬಂದಿರುವುದಿಲ್ಲ, ಏಕೆಂದರೆ ಮುಂದೂಡುವುದು ಹೇಗೆಂದು ಯಾರೂ ಹೇಳಿರುವುದಿಲ್ಲ.

ಆದರೆ ಈ ಬೇಗ ಮುಗಿಸಿಬಿಡುವ ಪದ್ಧತಿಯೊಳಗೇ ಯಾರೂ ಗಮನಿಸದ ಒಂದು ಅವಕಾಶವಿದೆ. ಇಪ್ಪತ್ತಕ್ಕೆ ಮದುವೆ, ಇಪ್ಪತ್ಮೂರಕ್ಕೆ ಎರಡನೇ ಕೂಸು ಎಂದಿಟ್ಟುಕೊಳ್ಳಿ. ಅವಳಿಗೆ ಇಪ್ಪತ್ತಾರಾದಾಗ ಕಿರಿಯ ಕೂಸು ಅಂಗನವಾಡಿಗೆ ಹೋಗುತ್ತದೆ. ರಾಜ್ಯ ಸರ್ಕಾರದ ನೇಮಕಾತಿಗೆ, ತಾತ್ಕಾಲಿಕ ಸಡಿಲಿಕೆಗಳನ್ನು ಬಿಟ್ಟು ಮೂಲ ನಿಯಮದಲ್ಲಿ, ಗರಿಷ್ಠ ವಯಸ್ಸು ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರಿಗೆ 40. ಮಹಿಳೆಯರಿಗೆ ಶೇ 33ರ ಮೀಸಲಾತಿ ಬೇರೆ. ಅಂದರೆ ಅವಳ ಎದುರಿಗೆ ಇನ್ನೂ ಒಂಬತ್ತರಿಂದ ಹದಿನಾಲ್ಕು ವರ್ಷಗಳಿವೆ. 'ಮದುವೆಯಾಗಿ ಎರಡು ಮಕ್ಕಳಾದವು, ಇನ್ನೇನು ನೌಕರಿ' ಎನ್ನುವ ಮನೆಯವರಿಗೆ ಈ ಸರಳ ಕೂಡು-ಕಳೆ ಗೊತ್ತಿಲ್ಲ. ನೇಮಕಾತಿ ನಿಯಮದಲ್ಲಿ ಇನ್ನೊಂದು ವಿಚಿತ್ರವಿದೆ: ವಿಧವೆಗೆ ಹತ್ತು ವರ್ಷದ ವಯೋಮಿತಿ ಸಡಿಲಿಕೆ ಇದೆ. ಅದು ಇರಲೇಬೇಕು. ಆದರೆ ಗಂಡ ಬದುಕಿರುವ, ಮಕ್ಕಳನ್ನು ಸಾಕುತ್ತ ಏಳೆಂಟು ವರ್ಷ ಕಳೆದ ಹೆಂಗಸಿಗೆ ಅದಕ್ಕೆಂದೇ ಒಂದು ವರ್ಷದ ಸಡಿಲಿಕೆಯೂ ಇಲ್ಲ. ಗಂಡ ಸತ್ತರೆ ಮಾತ್ರ ಹೆಣ್ಣಿಗೆ ದುಡಿಮೆ ಬೇಕು ಎಂಬ ಹಳೆಯ ನಂಬಿಕೆಯೇ ನಿಯಮವಾಗಿ ಕೂತಿದೆ. ಮಕ್ಕಳನ್ನು ಹೆತ್ತು ಸಾಕಿದ ವರ್ಷಗಳಿಗೆ ಮೂರೋ ಐದೋ ವರ್ಷದ ರಿಯಾಯಿತಿ ಕೊಟ್ಟರೆ ಖಜಾನೆಗೆ ಒಂದು ಪೈಸೆಯ ಖರ್ಚೂ ಇಲ್ಲ.

ಆದ್ದರಿಂದ ಮದುವೆ ಮುಂದೂಡುವುದೊಂದೇ ಗುರಿಯಾದ ನೆರವು ಅರ್ಧ ನೆರವು. ಮದುವೆಯಾಗಿಹೋದವಳನ್ನು 'ಕೈತಪ್ಪಿದ ಪ್ರಕರಣ' ಎಂದು ಬಿಟ್ಟುಬಿಡುವ ಚಾಳಿ ಸ್ವಯಂಸೇವಾ ಸಂಸ್ಥೆಗಳಲ್ಲೂ ಇದೆ, ಕಾಲೇಜುಗಳಲ್ಲೂ ಇದೆ. ಕೊರಳಲ್ಲಿ ತಾಳಿ ಕಟ್ಟಿಕೊಂಡು ಪರೀಕ್ಷೆಗಷ್ಟೇ ಬಂದು ಬರೆದು ಹೋಗುವ ವಿದ್ಯಾರ್ಥಿನಿಯನ್ನು ಕರೆದು ಕೂರಿಸಿಕೊಂಡು 'ಮುಂದಿನ ಐದು ವರ್ಷ ಏನಮ್ಮ?' ಎಂದು ಕೇಳುವ ಉಪನ್ಯಾಸಕಿ ಇದ್ದರೆ ಅವಳೇ ನಿಜವಾದ ಮಾರ್ಗದರ್ಶಕಿ. ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಮಕ್ಕಳಿಗೆಂದು ರಾಜ್ಯದ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಸರ್ಕಾರ 2023ರಲ್ಲಿ ಪ್ರಕಟಿಸಿತು. ಓದುವ ತಾಯಿಯ ಕೂಸನ್ನೂ ಅಲ್ಲಿ ಸೇರಿಸಿಕೊಳ್ಳಬಾರದೆ? ಪಕ್ಕದಲ್ಲೇ ಪಂಚಾಯಿತಿಯ ಅರಿವು ಕೇಂದ್ರವಿದೆ, ಅಲ್ಲಿ ಕಂಪ್ಯೂಟರೂ ಇದೆ, ಪುಸ್ತಕವೂ ಇದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನ್ಯಾಯವಾದದ್ದೇ. ಯೋಜನೆ ಹಾಕಿ ಏನು ಮಾಡುವುದು, ಹಾವೇರಿ ಜಿಲ್ಲೆಯಲ್ಲಿ ಓದಿದ ಹೆಣ್ಣಿಗೆ ಕೆಲಸ ಎಲ್ಲಿದೆ? ಉತ್ತರ ಸುಲಭವಿಲ್ಲ, ಆದರೆ ಇಲ್ಲಿ ದುಡ್ಡು ಹುಟ್ಟುವ ಜಾಗಗಳನ್ನೇ ನಾವು ಹುಡುಗಿಯರಿಗೆ ತೋರಿಸಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ದೇಶಕ್ಕೇ ದೊಡ್ಡ ಹೆಸರು. ಭೌಗೋಳಿಕ ಸೂಚಿಯ ಮಾನ್ಯತೆ ಇರುವ ಕಾಯಿ. ಕಾಯಿಯಿಂದ ಬಣ್ಣದ ಸತ್ವ ತೆಗೆಯುವ ಕಾರ್ಖಾನೆ, ಸಾಲು ಸಾಲು ಶೀತಲಗೃಹ, ಇ-ಟೆಂಡರ್, ಬಣ್ಣದ ಮೌಲ್ಯ ಅಳೆಯುವ ಪ್ರಯೋಗಾಲಯ. ಈ ಇಡೀ ಸರಪಳಿಯಲ್ಲಿ ಹೆಂಗಸರು ಕಾಣುವುದು ತುಂಬು ಬಿಡಿಸುವ ಶೆಡ್ಡಿನಲ್ಲಿ. ತೂಕ, ಲೆಕ್ಕ, ಟೆಂಡರು, ಪ್ರಯೋಗಾಲಯ ಬಹುಪಾಲು ಗಂಡಸರದು. ಹಾವೇರಿಯ ಪಕ್ಕದ ದೇವಿಹೊಸೂರಿನಲ್ಲಿ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಆಹಾರ ತಂತ್ರಜ್ಞಾನದ ಕಾಲೇಜಿದೆ. ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾಲೇಜೂ ಕೃಷಿ ವಿಜ್ಞಾನ ಕೇಂದ್ರವೂ ಇವೆ. ತುಂಬು ಬಿಡಿಸುವವಳ ಮಗಳು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡರೆ ಆ ಕಾಲೇಜಿಗೆ ಹೋಗಬಹುದು ಎಂದು ಅವಳಿಗೆ ಹತ್ತನೇ ತರಗತಿಯಲ್ಲೇ ಗೊತ್ತಿರಬೇಕು. ಆಗ ಗೊತ್ತಾಗದಿದ್ದರೆ ಆಮೇಲೆ ಗೊತ್ತಾಗಿ ಪ್ರಯೋಜನವಿಲ್ಲ.

ರಾಣೆಬೆನ್ನೂರು ಸೀಮೆಯ ಬೀಜೋತ್ಪಾದನೆಯ ಕಥೆಯೂ ಹೀಗೆಯೇ. ಧಾರವಾಡದಲ್ಲಿ ಹತ್ತಿ ತಳಿ ವಿಜ್ಞಾನಿ ಬಿ.ಎಚ್. ಕಟರಕಿ ಅವರು 1972ರಲ್ಲಿ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿ ಕೊಟ್ಟ ಮೇಲೆ, ಹೂವಿನ ಮೊಗ್ಗು ಬಿಡಿಸಿ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸ ಈ ಭಾಗದ ಹೊಲಗಳಿಗೂ ಬಂತು. ಆಮೇಲೆ ಟೊಮೆಟೊ, ಬದನೆ, ಬೆಂಡೆಗೂ ಹಬ್ಬಿತು. ಮಧ್ಯಾಹ್ನ ಮೊಗ್ಗಿನ ಗಂಡು ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಇನ್ನೊಂದು ಗಿಡದ ಪರಾಗ ಸವರುವ ಈ ನಾಜೂಕಿನ ಕೆಲಸ ಮಾಡುವವರು ಹೆಚ್ಚಾಗಿ ಹೆಂಗಸರು, ಹುಡುಗಿಯರು. ಸಸ್ಯವಿಜ್ಞಾನದ ಪ್ರಾಯೋಗಿಕ ಪರೀಕ್ಷೆಯನ್ನು ವರ್ಷವಿಡೀ ಹೊಲದಲ್ಲಿ ಪಾಸು ಮಾಡುವವರಿಗೆ ನಾವು ಕೊಟ್ಟ ಹೆಸರು ಕೂಲಿ. ಕಂಪನಿಯ ಮೇಲ್ವಿಚಾರಕನಾಗಿ ಬೈಕಿನಲ್ಲಿ ಬರುವವನು ಡಿಪ್ಲೊಮಾ ಓದಿದ ಗಂಡುಹುಡುಗ.

ಗಂಡುಹುಡುಗರ ಮಾತು ಬಂತು. ಅವರನ್ನು ಹೊರಗಿಟ್ಟು ಈ ಚರ್ಚೆ ಪೂರ್ತಿಯಾಗುವುದಿಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯ ಕಡೆಯ ಅವಿವಾಹಿತ ಯುವಕರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಅದೇ ವರ್ಷದ ಚುನಾವಣೆಯ ಹೊತ್ತಿನಲ್ಲಿ, ರೈತರ ಮಕ್ಕಳನ್ನು ಮದುವೆಯಾಗುವ ಹೆಣ್ಣಿಗೆ 2 ಲಕ್ಷ ರೂಪಾಯಿ ಕೊಡುವುದಾಗಿ ಜೆಡಿಎಸ್ ನಾಯಕ ಎಚ್.ಡಿ. ಕುಮಾರಸ್ವಾಮಿ ಭರವಸೆ ನೀಡಿದರು. ಒಕ್ಕಲುತನದ ಮನೆಗೆ ಹೆಣ್ಣು ಕೊಡುವವರಿಲ್ಲ ಎಂಬ ಗೋಳು ಹಾವೇರಿ ಜಿಲ್ಲೆಯಲ್ಲೂ ಇದೆ. ಹೆಣ್ಣುಮಕ್ಕಳಿಗೆ ಸೊಕ್ಕು ಬಂತು ಎಂದು ಕಟ್ಟೆಯ ಮೇಲೆ ಕೂತವರು ಬೈಯುತ್ತಾರೆ. ನನಗೆ ಕಾಣುವುದು ಬೇರೆ. ಸ್ವಂತ ನೌಕರಿಯ ದಾರಿ ಮುಚ್ಚಿದ್ದರಿಂದ ಹುಡುಗಿ ನೌಕರಿ ಇರುವ ಗಂಡನನ್ನು ಹುಡುಕುತ್ತಾಳೆ. ತನ್ನ ಕೈಯಲ್ಲಿ ಆಗದ್ದನ್ನು ವರನ ಆಯ್ಕೆಯಲ್ಲಿ ಸಾಧಿಸಿಕೊಳ್ಳುತ್ತಾಳೆ. ರೈತನ ಮನೆಗೆ ಬಂದರೆ ಅವಳು ಏನು ಮಾಡಬಹುದು, ಯಾವ ಖಾತೆ ಅವಳ ಹೆಸರಿನಲ್ಲಿರುತ್ತದೆ, ಎಷ್ಟು ಗುಂಟೆ ಅವಳ ಹೆಸರಿಗೆ ಬರುತ್ತದೆ ಎಂದು ಆ 2 ಲಕ್ಷದ ಭರವಸೆಯಲ್ಲೂ ಇರಲಿಲ್ಲ, ಪಾದಯಾತ್ರೆಯ ಹರಕೆಯಲ್ಲೂ ಇರಲಿಲ್ಲ. 'ನಮ್ಮ ಮನೆಗೆ ಬಂದರೆ ಹನುಮನಮಟ್ಟಿಯಲ್ಲಿ ತರಬೇತಿ ಪಡೆದು ನೆರಳು ಮನೆಯ ಲೆಕ್ಕ ನೀನೇ ನೋಡು' ಎಂದು ಹೇಳುವ ಗಂಡಿಗೆ ಹೆಣ್ಣು ಸಿಗದೆ ಇರಲಿಕ್ಕಿಲ್ಲ. ಆದ್ದರಿಂದ ಬಾಣಂತನ, ಅಂತರ, ವಂಕಿ, ಮನೆಗೆಲಸ, ಅವಳ ಪರೀಕ್ಷೆ ಇವೆಲ್ಲದರ ಮಾತು ನಡೆಯುವ ಕೋಣೆಯಲ್ಲಿ ಗಂಡುಹುಡುಗರೂ ಕೂರಬೇಕು. ಹುಡುಗಿಯರಿಗೆ ಮಾತ್ರ ಹೇಳಿದರೆ ಅವರ ತಲೆಯ ಭಾರ ಹೆಚ್ಚುತ್ತದೆ, ಅಷ್ಟೇ.

ಇಷ್ಟೆಲ್ಲ ಮುಂದಾಲೋಚನೆಯಿಂದ ಮದುವೆ ವ್ಯಾಪಾರವಾಗುತ್ತದೆ ಎನ್ನುವವರಿಗೆ ಯಾದಿಯನ್ನು ತೋರಿಸಿದರೆ ಸಾಕು. ವ್ಯಾಪಾರ ಆಗಲೇ ಲಿಖಿತದಲ್ಲಿದೆ. ಬಂಗಾರದ ತೊಲ ಎಣಿಸುವ ಹಿರಿಯರು ಹುಡುಗಿಯ ಅಂಕಪಟ್ಟಿಯನ್ನೂ ಒಮ್ಮೆ ಕೈಗೆತ್ತಿಕೊಂಡರೆ ಯಾವ ಸಂಸ್ಕೃತಿಯೂ ಹಾಳಾಗುವುದಿಲ್ಲ. ಅಂಕಪಟ್ಟಿಯಲ್ಲಿರುವ ಹೆಸರನ್ನೇ ಆಧಾರ್‌ನಲ್ಲೂ ಬ್ಯಾಂಕಿನಲ್ಲೂ ಉಳಿಸಿಕೊಳ್ಳಲು ಬಿಡಿ. ಮದುವೆಯಾದ ಕೂಡಲೇ ಅಡ್ಡಹೆಸರು ಬದಲಿಸಿ, ಆಮೇಲೆ ಅರ್ಜಿ ಹಾಕುವಾಗ ದಾಖಲೆ ಹೊಂದುವುದಿಲ್ಲವೆಂದು ಕಚೇರಿಯಿಂದ ಕಚೇರಿಗೆ ಅಲೆಯುವವರು ಊರಿಗಿಬ್ಬರು ಇದ್ದಾರೆ. ಆಸ್ತಿಯ ವಿಷಯವೂ ಅಷ್ಟೇ. ಪಿತ್ರಾರ್ಜಿತದಲ್ಲಿ ಮಗಳಿಗೆ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತು, ಕೇಂದ್ರ 2005ರಲ್ಲಿ ಮಾಡಿತು. ಆದರೆ ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಮುಂದಿಡುವ ಹಕ್ಕು ಬಿಡುಗಡೆ ಪತ್ರಕ್ಕೆ ಅಕ್ಕತಂಗಿಯರು ಸೀರೆ ಕುಬಸ ತೆಗೆದುಕೊಂಡು ಸಹಿ ಹಾಕುತ್ತಾರೆ. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆ. ಒಂದು ಎಕರೆಯೋ ಅರ್ಧ ಎಕರೆಯೋ ಕೈಯಲ್ಲಿದ್ದವಳ ಮಾತಿಗೆ ಗಂಡನ ಮನೆಯಲ್ಲೂ ತೂಕವಿರುತ್ತದೆ ಎಂಬುದನ್ನು ಯಾವ ಉದ್ಯೋಗ ಶಿಬಿರವೂ ಹೇಳುವುದಿಲ್ಲ.

ಕಾಗಿನೆಲೆ ಕನಕದಾಸರ ನೆಲೆ. ಹುಟ್ಟಿನಿಂದ ಮನುಷ್ಯರನ್ನು ಅಳೆಯಬಾರದೆಂದು ಹೇಳಿದವರ ಹೆಸರಿನಲ್ಲಿ ಈ ಸೀಮೆಯಲ್ಲಿ ಮಠವಿದೆ, ಪ್ರಾಧಿಕಾರವಿದೆ, ಜಯಂತಿಯಿದೆ. ಈ ಭಾಗದ ಮಠಗಳಲ್ಲಿ, ಜಾತ್ರೆಗಳಲ್ಲಿ ಸಾಮೂಹಿಕ ವಿವಾಹಗಳು ನಡೆಯುತ್ತವೆ. ವಧುವರರ ವಯಸ್ಸಿನ ದಾಖಲೆ ಕೇಳುವುದು ಈಗ ಕ್ರಮವಾಗಿದೆ. ಅದೇ ಅರ್ಜಿಯಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿ ಎಂದು ಸ್ವಾಮೀಜಿಗಳನ್ನೂ ಸಂಘಟಕರನ್ನೂ ಕೇಳಿಕೊಳ್ಳುತ್ತೇನೆ: ವಧುವಿನ ಓದು ಎಲ್ಲಿಗೆ ನಿಂತಿದೆ, ಅದನ್ನು ಯಾವ ವರ್ಷದೊಳಗೆ ಯಾರ ಖರ್ಚಿನಲ್ಲಿ ಮುಗಿಸುತ್ತೀರಿ? ಎರಡೂ ಕಡೆಯವರು ಸಹಿ ಹಾಕಲಿ. ಮನೆಯಲ್ಲೇ ಮದುವೆ ಮಾಡುವವರು ಯಾದಿಯಲ್ಲಿ ಬಂಗಾರದ ಸಾಲಿಗಿಂತ ಮೇಲೆ ಅದನ್ನು ಬರೆಸಲಿ, ಬರೆಯುವಾಗ ಹುಡುಗಿಯನ್ನು ಅಡಿಗೆಮನೆಯಿಂದ ಹೊರಗೆ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಲಿ. ಕೋರ್ಟಿನಲ್ಲಿ ಆ ಸಾಲು ನಿಲ್ಲುತ್ತದೋ ಇಲ್ಲವೋ, ಹಿರಿಯರ ಮುಂದೆ ನಿಲ್ಲುತ್ತದೆ.